ನಾದಿನಿಯ ಇಂಗ್ಲಿಷು, ನನ್ನ ತೆಲುಗು

ನಾನು ಮದುವೆಯಾಗಿ ಮಧುಗಿರಿಗೆ ಬಂದು ಒಂದು ಸುಗ್ಗಿ ಕಳೆಯುವಷ್ಟರಲ್ಲಿ ನನ್ನ ನಾದಿನಿ ಗಂಡನನ್ನು ಕಳೆದುಕೊಂಡು ತವರಿಗೆ ವಾಪಸು ಬಂದಳು. ನನ್ನ ಯಜಮಾನರಿಗೆ ಅವಳೊಬ್ಬಳೇ ತಂಗಿ, ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಅವಳ ಗಂಡ ಕೊರಟಗೆರೆ ಕಡೆಯವನು, ವಿಷಮಜ್ವರದಲ್ಲಿ ಹೋದ. ಹೊಸ ಸೊಸೆಯನ್ನು ನೋಡೋಣವೆಂದು ಮನೆಗೆ ಬಂದ ಹೆಂಗಸರೆಲ್ಲ ಅವಳನ್ನು ಕಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗದೆಯೇ ಹೊರಟುಹೋಗುತ್ತಿದ್ದರು. ಅವಳ ಮೇಲಿನ ನನ್ನ ಹೊಟ್ಟೆಕಿಚ್ಚು ಅಲ್ಲಿಂದ ಶುರುವಾಯಿತು. ಗಂಡ ಸತ್ತವಳ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡುತ್ತಾರೆಯೇ ಎಂದು ಕೇಳಬಹುದು. ನಾನು ಪಟ್ಟೆ.

ನನ್ನ ತವರು ಪಾವಗಡ. ಕೋಟೆಯ ಕೆಳಗಿನ ಬೀದಿ. ನಮ್ಮ ಹಿರಿಯರು ಯಾವುದೋ ಕಾಲದಲ್ಲಿ ಆ ಕೋಟೆಗೆ ಕಾವಲು ಇದ್ದವರಂತೆ. ನನ್ನ ಕಾಲಕ್ಕೆ ಕೋಟೆಯಲ್ಲಿ ಮೇಕೆ ಮೇಯುತ್ತಿದ್ದವು, ನಾವು ಕಡಲೆಕಾಯಿ ಬೆಳೆಯುತ್ತಿದ್ದೆವು. ಮನೆಯಲ್ಲಿ ಆಡುವುದು ತೆಲುಗು. ಇಸ್ಕೂಲಿನಲ್ಲಿ ಕಲಿಸುವುದು ಕನ್ನಡ, ಆದರೆ ಮೇಷ್ಟರೂ ಬಯ್ಯುವಾಗ ತೆಲುಗಿನಲ್ಲೇ ಬಯ್ಯುತ್ತಿದ್ದರು. ಹಾಗಾಗಿ ನನಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು, ಆಡಲು ಬರುತ್ತಿರಲಿಲ್ಲ.

ಮಧುಗಿರಿಗೆ ಬಂದ ಮೊದಲ ಮಳೆಗಾಲದಲ್ಲಿ ಒಂದು ದಿನ ನಮ್ಮತ್ತೆ ಹೊರಗಿನಿಂದ ಬಂದು, "ಕೆರೆ ಕೋಡಿ ಬಿತ್ತಂತೆ ಕಣಮ್ಮ" ಅಂದರು. ಕೆರೆ ತುಂಬಿ ನೀರು ಹೊರಕ್ಕೆ ಹರಿಯಿತು ಅನ್ನುವುದಕ್ಕೆ ಇಲ್ಲಿ ಹಾಗೆ ಹೇಳುತ್ತಾರೆ ಅಂತ ನನಗೇನು ಗೊತ್ತು? ನಮ್ಮ ತೆಲುಗಿನಲ್ಲಿ ಕೋಡಿ ಅಂದರೆ ಕೋಳಿ. ನಾನು ಗಾಬರಿಯಾಗಿ, "ಯಾರ ಮನೇದು? ಬದುಕಿದೆಯಾ?" ಅಂದೆ. ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ನಾದಿನಿಗೆ ಥಟ್ಟನೆ ಅರ್ಥವಾಯಿತು. ಗಂಡ ಸತ್ತ ಮೇಲೆ ಅವಳು ನಕ್ಕದ್ದು ಅವತ್ತೇ ಮೊದಲು. ಮಗಳು ನಕ್ಕಳಲ್ಲ ಅಂತ ಅತ್ತೆ ಆ ಮಾತನ್ನು ಬೀದಿಯವರಿಗೆಲ್ಲ ಹೇಳಿದರು. ಅಲ್ಲಿಂದ ನಾನು ಬಾವಿಗೆ ಹೋದರೆ ಸಾಕು, "ಏನಮ್ಮ, ಕೋಳಿ ಸಿಕ್ತಾ?" ಅನ್ನುತ್ತಿದ್ದರು.

ನನ್ನ ಯಜಮಾನರು ಊರಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರು. ಮಿತಭಾಷಿ. ನನ್ನ ಹತ್ತಿರ ಮಾತಾಡಿದರೆ ಊಟದ್ದು, ನೀರಿನದು, ಅಷ್ಟೇ. ಒಂದು ಸಂಜೆ ಅವರು ತಾಯಿಯನ್ನು ಕೂರಿಸಿಕೊಂಡು ಹೇಳಿದರು: "ಇವಳನ್ನ ಇಂಗೇ ಮೂಲೇಲಿ ಕೂರಿಸೋದು ಬ್ಯಾಡಮ್ಮ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಕಟ್ಟಿಸ್ತೀನಿ. ಪಾಸಾದ್ರೆ ಹೆಣ್ಣುಮಕ್ಕಳ ಸ್ಕೂಲಲ್ಲಿ ಕೆಲಸ ಕೊಡ್ತಾರೆ. ಮಿಕ್ಕಿದ್ದೆಲ್ಲ ಸುಲಭ. ಇಂಗ್ಲಿಷು ಒಂದೇ ಕಷ್ಟ, ಅದನ್ನ ನಾನೇ ಹೇಳ್ಕೊಡ್ತೀನಿ."

ಅತ್ತೆ ಯೋಚಿಸಿ, "ಎಂಗಾದ್ರೂ ಮಾಡು ಕಣಪ್ಪ, ಅವಳು ನಗ್ತಾ ಇದ್ರೆ ಸಾಕು" ಅಂದರು.

ಮರುದಿನದಿಂದ ಇಸ್ಕೂಲು ಬಿಟ್ಟು ಬಂದವರು ಕಾಫಿ ಕುಡಿದು ಪಡಸಾಲೆಯಲ್ಲಿ ಕೂರುತ್ತಿದ್ದರು. ಎದುರಿಗೆ ಅವಳು, ಮಡಿಲಲ್ಲಿ ಸ್ಲೇಟು. ಯುದ್ಧದ ಕಾಲ, ಸೀಮೆಎಣ್ಣೆಗೆ ಬರ. ಬೆಳಕು ಇರುವಷ್ಟು ಹೊತ್ತು ಮಾತ್ರ ಪಾಠ. ನಾನು ಅಡಿಗೆಮನೆಯಲ್ಲಿ ಹುರುಳಿಕಾಳು ಬೇಯಿಸುತ್ತಾ ಕಿವಿಗೊಡುತ್ತಿದ್ದೆ. ಕಿವಿಗೊಟ್ಟದ್ದು ಇಂಗ್ಲಿಷಿಗಲ್ಲ, ಅವರ ದನಿಗೆ. ಪಾಠ ಹೇಳುವಾಗ ಅವರ ದನಿ ಬೇರೆಯೇ ಆಗುತ್ತಿತ್ತು. ಮೆತ್ತಗೆ, ತಾಳ್ಮೆಯಿಂದ, ನಡುನಡುವೆ ಸಣ್ಣಗೆ ನಗುತ್ತಾ. "ಅಲ್ಲ, ಇನ್ನೊಂದ್ಸಲ ನೋಡು. ಹಾಂ, ಅಂಗೆ." ಮದುವೆಯಾಗಿ ಅಷ್ಟು ದಿನವಾದರೂ ಆ ದನಿಯಲ್ಲಿ ಅವರು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಒಲೆಯ ಮುಂದೆ ಕೂತು ನಾನು ಲೆಕ್ಕ ಹಾಕುತ್ತಿದ್ದೆ: ಇವಳಿಗೆ ಅಣ್ಣ ಇದ್ದಾನೆ, ಅಮ್ಮ ಇದ್ದಾಳೆ, ಹುಟ್ಟಿದ ಊರು ಇದೆ, ಹುಟ್ಟಿದ ಮಾತು ಇದೆ. ಈಗ ಇಂಗ್ಲಿಷೂ ಬೇಕಂತೆ.

ಒಂದು ತಿಂಗಳು ಹೀಗೆ ಬೆಂದ ಮೇಲೆ ನಾನು ಊಟ ಬಡಿಸುತ್ತಾ ಅವರಿಗೆ ಹೇಳಿದೆ, "ನಾನೂ ಕಟ್ಟುತ್ತೀನಿ ಪರೀಕ್ಷೆಗೆ."

ಅವರು ತುತ್ತು ನುಂಗಿ ನನ್ನ ಮುಖ ನೋಡಿದರು. "ನಿನಗ್ಯಾಕೆ?"

"ಅವಳಿಗ್ಯಾಕೆ?" ಅಂದೆ.

"ಅವಳು ಬದುಕಬೇಕಲ್ಲ" ಅಂದರು. ಮುದ್ದೆ ಮುರಿಯುತ್ತಾ, "ಕೂತ್ಕೊ. ಕೂತ್ಕೊಂಡ್ರೆ ನನಗೇನು ಹೊರೆಯಲ್ಲ. ಆದ್ರೆ ಅಡಿಗೆ ನಿಲ್ಲಬಾರದು" ಅಂದರು.

ಅಡಿಗೆ ನಿಲ್ಲಲಿಲ್ಲ. ನಾದಿನಿಗೆ ಓದಲಿ ಅಂತ ಅತ್ತೆ ಕೆಲಸ ಬಿಡಿಸಿದ್ದರು. ನಾನು ಮಧ್ಯಾಹ್ನವೇ ರಾಗಿ ಬೀಸಿಟ್ಟು, ಸಾರಿಗೆ ಎಲ್ಲ ಹೊಂದಿಸಿಟ್ಟು, ಒದ್ದೆ ಕೈಯಲ್ಲೇ ಸ್ಲೇಟು ಹಿಡಿದು ಹೋಗಿ ಕೂರುತ್ತಿದ್ದೆ.

ಇಂಗ್ಲಿಷಿನಲ್ಲಿ ನನಗೆ ಒಂದೇ ಒಂದು ವಿಷಯದಲ್ಲಿ ಅವಳಿಗಿಂತ ಹೆಚ್ಚುಗಾರಿಕೆ ಇತ್ತು. ಮಧುಗಿರಿ ಕಡೆಯವರ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹಂಗೆ ಅನ್ನುವುದು ಅಂಗೆ, ಹಿಂಗೆ ಅನ್ನುವುದು ಇಂಗೆ. 'ಷಿ ಹ್ಯಾಸ್ ಎ ಹೆನ್' ಅನ್ನಬೇಕಾದಲ್ಲಿ ನಾದಿನಿ 'ಷಿ ಯಾಸ್ ಎ ಯೆನ್' ಅನ್ನುತ್ತಿದ್ದಳು. ಯಜಮಾನರು ಒಂದು ಚೂರು ಹತ್ತಿ ತಂದು ಅವಳ ಅಂಗೈ ಮೇಲಿಟ್ಟು, ಬಾಯ ಹತ್ತಿರ ಹಿಡಿಸಿ, "ಹತ್ತಿ ಹಾರಿದ್ರೆ ಹಕಾರ ಬಂತು ಅಂತ" ಅಂದರು. ಅವಳು ಎಷ್ಟು ಹೇಳಿದರೂ ಹತ್ತಿ ಅಲ್ಲಾಡಲಿಲ್ಲ. ಆಮೇಲೆ ನನ್ನ ಅಂಗೈ ಮೇಲಿಟ್ಟರು. ನಾನು 'ಹೆನ್' ಅಂದೆ. ಹತ್ತಿ ಹಾರಿ ಅವರ ಮೊಣಕಾಲ ಮೇಲೆ ಬಿತ್ತು. "ನೋಡವ್ವ, ಅತ್ತಿಗೆಗೆ ಬತ್ತದೆ" ಅಂದರು ತಂಗಿಗೆ. ಅವತ್ತು ರಾತ್ರಿ ಮುದ್ದೆ ತಿರುವುವಾಗ ನಾನು ಹಾಡಿಕೊಳ್ಳುತ್ತಿದ್ದೆ ಅಂತ ಕಾಣುತ್ತದೆ, ಅತ್ತೆ ಬಂದು ಇಣುಕಿ ನೋಡಿ ಹೋದರು.

ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಅವಳು ಹಿತ್ತಲಲ್ಲಿ ಕೂತು ಹತ್ತಿ ಹಿಡಿದುಕೊಂಡು ಅಭ್ಯಾಸ ಮಾಡಿ ಮಾಡಿ ಹಕಾರ ಗೆದ್ದುಕೊಂಡಳು. ನನ್ನ ಕಷ್ಟ ಅಭ್ಯಾಸದಿಂದ ಹೋಗುವಂಥದ್ದಾಗಿರಲಿಲ್ಲ. ಪರೀಕ್ಷೆಯಲ್ಲಿ ಕನ್ನಡದ ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸಬೇಕಿತ್ತು. ಯಜಮಾನರು, "ಮಳೆ ಬಂದಿದ್ದರೆ ಬೆಳೆ ಆಗುತ್ತಿತ್ತು" ಅಂತ ಹೇಳಿದರೆ, ಅವಳು ನೇರ ಇಂಗ್ಲಿಷಿಗೆ ಹೋಗುತ್ತಿದ್ದಳು. ನಾನು ಮೊದಲು ಒಳಗೊಳಗೇ 'ವಾನ ವಚ್ಚಿಂಟೆ ಪಂಟ ಪಂಡೇದಿ' ಅಂದುಕೊಂಡು, ಮಳೆಯನ್ನೂ ಬೆಳೆಯನ್ನೂ ಕಣ್ಣಿಗೆ ತಂದುಕೊಂಡು, ಆಮೇಲೆ ಇಂಗ್ಲಿಷಿನ ಪದ ಹುಡುಕಬೇಕಿತ್ತು. ನಾನು ಇನ್ನೂ ಪಾವಗಡದ ಹೊಲದಲ್ಲಿ ನಿಂತಿರುವಾಗ ಅವಳು ಬರೆದು ಮುಗಿಸಿ ಸ್ಲೇಟು ಕೆಳಗಿಟ್ಟಿರುತ್ತಿದ್ದಳು. ಆ ಸ್ಲೇಟು ನೆಲಕ್ಕೆ ತಾಗುವ ಟಕ್ ಅನ್ನುವ ಸದ್ದು ಕೇಳಿದರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ಎರಡು ವರ್ಷ ಓದಿ ಪರೀಕ್ಷೆಗೆ ತುಮಕೂರಿಗೆ ಹೊರಟೆವು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂದುಗಡೆ ಒಂದು ಒಲೆ, ಅದರ ಹೊಗೆ ಒಳಗಿನವರ ಮೂಗಿಗೆ. ಡ್ರೈವರು ಸಿರಾದ ಸಾಬರು. ಕೊರಟಗೆರೆ ದಾಟಿದ ಮೇಲೆ ಏರು ಸಿಕ್ಕಿ ಬಸ್ಸು ನಿಂತುಬಿಟ್ಟಿತು. "ಗಂಡಸ್ರೆಲ್ಲ ಉತ್ರೋ, ಔರತ್ ಲೋಗ್ ಕೂತ್ಕಳ್ಳಿ" ಅಂದರು ಸಾಬರು. ಯಜಮಾನರು ಇಳಿದು ಮಿಕ್ಕವರ ಜೊತೆ ಬಸ್ಸು ತಳ್ಳುತ್ತಿದ್ದರು. ನಾನು ಕಿಟಕಿಯಿಂದ ಅದನ್ನು ನೋಡುತ್ತಾ ಕೂತಿದ್ದೆ. ನಾದಿನಿ ಕಣ್ಣು ಮುಚ್ಚಿ ಇಂಗ್ಲಿಷಿನ ಕ್ರಿಯಾಪದಗಳನ್ನು ಗುನುಗುತ್ತಿದ್ದಳು. ಅವಳಿಗೆ ಬಸ್ಸು ನಿಂತದ್ದೂ ಗೊತ್ತಾಗಿರಲಿಲ್ಲ.

ತುಮಕೂರಿನ ಛತ್ರದಲ್ಲಿ ಇಳಿದುಕೊಂಡೆವು. ಸಂಜೆ ಯಜಮಾನರು ಪರೀಕ್ಷೆ ನಡೆಯುವ ಜಾಗ ನೋಡಿಕೊಂಡು ಬರಲು ಹೋದಾಗ ನಾವಿಬ್ಬರೇ ಜಗಲಿಯ ಮೇಲಿದ್ದೆವು. ಅವಳು ತಾನಾಗಿಯೇ ಹೇಳಿದಳು: "ಅತ್ತಿಗೆ, ನಿಂಗೆ ಒಂದು ಮಾತು ಹೇಳ್ತೀನಿ, ಕ್ವಾಪ ಮಾಡ್ಕಬ್ಯಾಡ. ನಾಳೆ ನೀನು ಫೇಲಾದ್ರೂ ಮನೆಗೆ ಹೋಗಿ ಒಲೆ ಹಚ್ತೀಯ, ನಮ್ಮಣ್ಣ ಊಟಕ್ಕೆ ಕೂರ್ತಾನೆ. ನಾನು ಫೇಲಾದ್ರೆ ಅದೇ ಮೂಲೆ. ನಿನ್ನ ನೋಡಿ ನಂಗೆ ಎಷ್ಟು ಸಂಕಟ ಆಗ್ತದೆ ಗೊತ್ತಾ?"

ಈ ಮಾತು ಕೇಳಿ ನನ್ನ ಮನಸ್ಸು ಕರಗಿತು ಅಂತ ಬರೆದರೆ ಚೆನ್ನಾಗಿರುತ್ತದೆ. ಕರಗಲಿಲ್ಲ. ನನಗೆ ಬಂದ ಯೋಚನೆ ಬೇರೆ: ಸಂಕಟದಲ್ಲೂ ಇವಳದು ನನ್ನದಕ್ಕಿಂತ ದೊಡ್ಡದಾಯಿತಲ್ಲ. ನಾನು, "ಮಲಗು, ಬೆಳಿಗ್ಗೆ ಏಳಬೇಕು" ಅಂದೆ.

ಪರೀಕ್ಷೆಯ ಹಾಲಿನಲ್ಲಿ ಹೆಂಗಸರಿಗೆ ಒಂದು ಮೂಲೆಯಲ್ಲಿ ಬೇರೆ ಬೆಂಚು. ಡಿಕ್ಟೇಶನ್ನು ಹೇಗೋ ಬರೆದೆ. ತರ್ಜುಮೆಯಲ್ಲಿ ಒಂದು ವಾಕ್ಯ ಬಂತು: 'ಅಣ್ಣತಮ್ಮಂದಿರು ಜಗಳವಿಲ್ಲದೆ ತಮ್ಮ ಪಾಲು ತೆಗೆದುಕೊಂಡರು.' ಪಾಲು ಅಂದರೆ ಭಾಗ ಅಂತ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೊತ್ತು ಓಡುತ್ತಿತ್ತು, ಪಕ್ಕದಲ್ಲಿ ಅವಳ ಲೇಖನಿ ಓಡುತ್ತಿತ್ತು, ಆ ಗಾಬರಿಯಲ್ಲಿ ನನ್ನೊಳಗಿನ ತೆಲುಗು ಮುಂದೆ ನುಗ್ಗಿತು. ತೆಲುಗಿನಲ್ಲಿ ಪಾಲು ಅಂದರೆ ಹಾಲು. ಅಣ್ಣತಮ್ಮಂದಿರು ಜಗಳವಿಲ್ಲದೆ ಹಾಲು ಕುಡಿದರು ಅಂತ ಬರೆದುಬಿಟ್ಟೆ. ಮುಂದಿನ ವಾಕ್ಯಗಳಲ್ಲಿ ಹೊಲ, ಬಾವಿ, ಎತ್ತು ಬಂದವು. ಹಾಲಿಗೂ ಬಾವಿಗೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಂಡು, ಹಾಲಿಗೆ ನೀರು ಬೆರೆಸಿದರೇನೋ ಅಂದುಕೊಂಡು, ಇಡೀ ಕಥೆಯನ್ನು ಹಾಗೇ ಸಾಗಿಸಿದೆ.

ಹೊರಗೆ ಬಂದು ನಾದಿನಿ ಅಣ್ಣನಿಗೆ ಉತ್ತರ ಒಪ್ಪಿಸುವಾಗ 'ಷೇರ್' ಅಂದಳು. ಪಾಲು ಅಂದರೆ ಷೇರ್, ನಾನು ಬರೆದದ್ದು ಹಾಲು ಅಂತ ನನಗೆ ಹೊಳೆದದ್ದು ಆಗ. ಛತ್ರದವರೆಗೂ ಅವರಿಬ್ಬರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದೆ.

ಫಲಿತಾಂಶ ಬಂತು. ಅವಳು ಪಾಸು. ನಾನು ಮಿಕ್ಕಿದ್ದರಲ್ಲೆಲ್ಲ ಪಾಸು, ಇಂಗ್ಲಿಷಿನಲ್ಲಿ ಫೇಲು. ಅತ್ತೆ ಬೆಲ್ಲ ಹಂಚಿದರು. ನನ್ನ ಕೈಗೂ ಒಂದು ಚೂರು ಕೊಟ್ಟು, "ನೀನೂ ಬಾಯಿ ಸಿಹಿ ಮಾಡ್ಕೊ ಕಣಮ್ಮ" ಅಂದರು. ತಿಂದೆ. ಯಜಮಾನರು ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗ್ಲಿ ಬುಡು" ಅಂದರು, ಅಷ್ಟೇ.

ಇಲ್ಲಿಯವರೆಗೆ ನಾನು ಪಟ್ಟ ಹೊಟ್ಟೆಕಿಚ್ಚು ಏನೂ ಅಲ್ಲ. ಅವಳಿಗೆ ಕೆಲಸದ ಆರ್ಡರು ಬಂದಾಗ ಊರಿನ ಹೆಸರನ್ನು ನಾನು ಎರಡು ಸಲ ಓದಿದೆ. ಪಾವಗಡ.

ಆ ಕಾಲಕ್ಕೆ ಪಾವಗಡಕ್ಕೆ ಹೋಗಿ ಅಂದರೆ ಗಂಡು ಮೇಷ್ಟರುಗಳೇ ಮುಖ ಸಣ್ಣಗೆ ಮಾಡುತ್ತಿದ್ದರು. ಬಿಸಿಲು, ನೀರಿಲ್ಲ, ಜನ ತೆಲುಗು. ಹೊಸಬಳು ಅಂತ ಅವಳನ್ನು ಅಲ್ಲಿಗೆ ಹಾಕಿದ್ದರು. ಒಂಟಿ ಹೆಣ್ಣು ಬಾಡಿಗೆ ಮನೆಯಲ್ಲಿ ಇರುವ ಹಾಗಿಲ್ಲ. "ಇವಳ ತವರು ಇದೆಯಲ್ಲ, ಅಲ್ಲೇ ಇರಲಿ" ಅಂದರು ಅತ್ತೆ. ನನ್ನನ್ನು ಯಾರೂ ಕೇಳಲಿಲ್ಲ. ನಮ್ಮಣ್ಣ ಗಾಡಿ ಕಟ್ಟಿಕೊಂಡು ಬಂದು, ಮಿಡಿಗೇಶಿ ದಾರಿಯಲ್ಲಿ ಅವಳನ್ನು ಕರೆದುಕೊಂಡು ಹೋದ. ನನ್ನ ತವರಿಗೆ ನಾನು ಹೋಗದೆ ವರ್ಷದ ಮೇಲಾಗಿತ್ತು. ಗಾಡಿ ತಿರುವು ದಾಟುವವರೆಗೂ ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, "ನಿನಗೂ ನಾದಿನಿ ಮೇಲೆ ಎಷ್ಟು ಆಸೆ" ಅಂದರು.

ನಮ್ಮಣ್ಣ ಕಡಲೆಕಾಯಿ ಮಾರಲು ಮಧುಗಿರಿ ಸಂತೆಗೆ ಬರುತ್ತಿದ್ದ. ಮೊದಲೆಲ್ಲ ಅಮ್ಮನ ಸಮಾಚಾರ, ತನ್ನ ಹೆಂಡತಿ ಮಕ್ಕಳ ಸಮಾಚಾರ, ದನಕರುಗಳ ಸಮಾಚಾರ ಹೇಳುತ್ತಿದ್ದವನು ಈಗ ಬರೀ ಅವಳ ಮಾತು. "ಅಮ್ಮ ಅವಳಿಗೆ ಅಂತ ಹುಣಿಸೆಚಿಗುರು ಹಾಕಿ ಬೇಳೆ ಪಪ್ಪು ಮಾಡ್ತಾಳೆ." "ಅಮ್ಮನ ಮಂಡಿನೋವಿಗೆ ಅವಳೇ ಎಣ್ಣೆ ತಿಕ್ಕೋದು." "ಅವಳು ಇಸ್ಕೂಲಿಂದ ಬರೋತನಕ ಅಮ್ಮ ಸಂಗಟಿ ಮುದ್ದೆ ಮುಟ್ಟಲ್ಲ." ನಾನು ಅವನಿಗೆ ಬಡಿಸುತ್ತಾ, "ಅಮ್ಮ ನನ್ನ ಬಗ್ಗೆ ಕೇಳ್ತಾಳಾ?" ಅಂದೆ. "ಕೇಳ್ತಾಳೆ ಕೇಳ್ತಾಳೆ" ಅಂದ, ತಟ್ಟೆ ನೋಡುತ್ತಾ.

ದಸರಾ ರಜಕ್ಕೆ ಅವಳು ಬಂದಳು. ಕಾಲಲ್ಲಿ ಚಪ್ಪಲಿ, ಕೈಯಲ್ಲಿ ಕೊಡೆ. ಕಂಕುಳಲ್ಲಿ ಒಂದು ಕುಡಿಕೆ. ಅದರಲ್ಲಿ ಊರುಬಿಂಡಿ, ಅಂದರೆ ಕಡಲೆಕಾಯಿ ಬೀಜ ಹುರಿದು, ಒಣಮೆಣಸಿನಕಾಯಿ ಹಾಕಿ ಒರಳಲ್ಲಿ ಕುಟ್ಟುವ ಚಟ್ನಿ. ನಮ್ಮಮ್ಮನ ಕೈಯದು, ವಾಸನೆಯಲ್ಲೇ ಗೊತ್ತಾಯಿತು. ಅವಳು ಕುಡಿಕೆಯನ್ನು ನನ್ನ ಮುಂದಿಟ್ಟು, "ತಿನು ತಲ್ಲಿ, ಎಂತ ಚಿಕ್ಕಿಪೋಯಿನಾವೇ" ಅಂದಳು. ತಿನ್ನು ತಾಯಿ, ಎಷ್ಟು ಸೊರಗಿಹೋಗಿದ್ದೀಯೇ. ತೆಲುಗಿನಲ್ಲಿ. ಬರೀ ತೆಲುಗಿನಲ್ಲಲ್ಲ, ನಮ್ಮಮ್ಮ ಎಳೆಯುವ ಹಾಗೇ ಕೊನೆಯ ಅಕ್ಷರವನ್ನು ಎಳೆದು. ತಮಾಷೆಗೆ ಅಂದದ್ದಲ್ಲ, ಅವಳಿಗೆ ಹಾಗೇ ಬಂದುಬಿಟ್ಟಿತ್ತು.

ಈ ಮನೆಯಲ್ಲಿ ನಾನು ತೆಲುಗು ಆಡಿದರೆ ನಗುತ್ತಾರೆ ಅಂತ ನಾನು ನನ್ನ ಮಾತನ್ನು ನುಂಗಿಕೊಂಡು ವರ್ಷಗಳಾಗಿದ್ದವು. ಅವಳು ಪಡಸಾಲೆಯ ನಡುವೆ ಕೂತು ಅದೇ ಮಾತಾಡಿ ತೋರಿಸಿದಳು. ಅತ್ತೆ ಬೆರಗಾಗಿ, "ನಮ್ಮ ಹುಡುಗಿ ನೋಡು, ತೆಲುಗೂ ಕಲ್ತುಬುಟ್ಳು" ಅಂದರು.

ನಾನು ಕುಡಿಕೆ ತೆಗೆದುಕೊಂಡು ಒಳಗೆ ಹೋಗಿ, ಅಡಿಗೆಮನೆಯ ಕತ್ತಲಲ್ಲಿ ನಿಂತು ಆ ಚಟ್ನಿಯನ್ನು ಬರೀ ಬೆರಳಲ್ಲಿ ತಿಂದೆ. ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಏನೋ.

ಆ ವಾರವೇ ಯಜಮಾನರಿಗೆ ಹೇಳಿದೆ, "ಇಂಗ್ಲಿಷು ಮತ್ತೆ ಕಟ್ತೀನಿ." ಅವರನ್ನು ಆಗ ರೇಷನ್ನಿನ ಮನೆಗಣತಿಗೆ ಹಾಕಿದ್ದರು. ಇಸ್ಕೂಲು ಮುಗಿದ ಮೇಲೆ ಹಳ್ಳಿ ಹಳ್ಳಿ ತಿರುಗಿ ಕತ್ತಲಾದ ಮೇಲೆ ಬರುತ್ತಿದ್ದರು. "ಕಟ್ಟು. ಆದ್ರೆ ನನಗೆ ಹೇಳ್ಕೊಡೋಕೆ ಆಗಲ್ಲ" ಅಂದರು. ಅಷ್ಟರಲ್ಲಿ ನಾನು ಬಸುರಿಯಾಗಿದ್ದೆ. ಏಳನೇ ತಿಂಗಳಿಗೆ ಬಾಣಂತನಕ್ಕೆ ತವರಿಗೆ ಕಳಿಸಿದರು. ಪುಸ್ತಕಗಳನ್ನು ಸೀರೆಯ ಗಂಟಿನಲ್ಲಿ ಕಟ್ಟಿಕೊಂಡು ಹೋದೆ.

ಅಮ್ಮ ಬಾಗಿಲಲ್ಲಿ ದೃಷ್ಟಿ ತೆಗೆದು ಒಳಗೆ ಕರೆದುಕೊಂಡಳು. ನಾನು ಹುಟ್ಟಿದಂದಿನಿಂದ ಮಲಗುತ್ತಿದ್ದ, ಅಮ್ಮನ ಪಕ್ಕದ ಜಾಗದಲ್ಲಿ ನಾದಿನಿಯ ಚಾಪೆ ಇತ್ತು. ಅವಳು ಅದನ್ನು ಸುತ್ತಿ ಎತ್ತಿಕೊಂಡು, "ಅತ್ತಿಗೆ ಇಲ್ಲಿ ಮಲಗಲಿ" ಅಂದಳು. ಅಮ್ಮ, "ನೀನ್ಯಾಕೆ ಏಳ್ತೀಯ, ಇಬ್ಬರೂ ನನ್ನ ಎರಡು ಕಡೆ ಮಲಗಿ" ಅಂದಳು. ಹಾಗೇ ಮಲಗಿದೆವು. ಅಮ್ಮ ಯಾರ ಕಡೆ ಮುಖ ಮಾಡಿ ಮಲಗುತ್ತಾಳೆ ಅಂತ ನಾನು ನೋಡುತ್ತಿದ್ದೆ. ಬಸುರಿಗೆ ನಿದ್ದೆ ಬಾರದು ಅಂತ ಅವರು ಅಂದುಕೊಂಡರು.

ನನಗೆ ಪಾಠ ಹೇಳು ಅಂತ ನಾನು ಅವಳನ್ನು ಕೇಳಲಿಲ್ಲ. ಹಿತ್ತಲ ಬೇವಿನ ಮರದ ಕೆಳಗೆ ಒಬ್ಬಳೇ ಪುಸ್ತಕ ಹಿಡಿದು ಕೂರುತ್ತಿದ್ದೆ. ಒಂದು ದಿನ ಅವಳು ಇಸ್ಕೂಲಿನಿಂದ ಬಂದು, ಕೈಕಾಲು ತೊಳೆದು, ನನ್ನ ಎದುರಿಗೆ ಬಂದು ಕೂತಳು. "ಅತ್ತಿಗೆ, ನಂಗೆ ತೆಲುಗು ಇನ್ನೂ ತಪ್ಪು ತಪ್ಪಾಗಿ ಬತ್ತದೆ. ಮಕ್ಕಳು ನಗ್ತವೆ. ನೀನು ನನ್ನ ತೆಲುಗು ತಿದ್ದು, ನಾನು ನಿನ್ನ ಇಂಗ್ಲಿಷು ತಿದ್ತೀನಿ" ಅಂದಳು.

"ಹೇಗೆ ತಿದ್ದೋದು?"

"ಕನ್ನಡ ಬುಟ್ಟುಬುಡಾನ. ಈಗ ಅಮ್ಮ ಏನಂದ್ರು? ಅದನ್ನ ಇಂಗ್ಲಿಷಲ್ಲಿ ಹೇಳು."

ಅಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಆಕಾಶ ನೋಡಿ, "ವಾನ ವಚ್ಚೇಟಟ್ಟುಂದಿ" ಅಂದಿದ್ದಳು. ಮಳೆ ಬರೋ ಹಾಗಿದೆ. ನಾನು "ಇಟ್ ಲುಕ್ಸ್ ಲೈಕ್ ರೈನ್" ಅಂದೆ. ಬಾಯಿಂದ ಹಾಗೇ ಬಂತು, ಹುಡುಕಿದ್ದಲ್ಲ. ನನಗೇ ಆಶ್ಚರ್ಯ. ಅಮ್ಮ ಎತ್ತು ಕಟ್ಟು ಅಂದಳು, ಅದನ್ನು ಹೇಳಿದೆ. ಪಕ್ಕದ ಮನೆಯವಳು ಒನಕೆ ತಗೊಂಡು ಹೋಗಿ ವಾಪಸು ಕೊಟ್ಟೇ ಇಲ್ಲ ಅಂತ ಗೊಣಗಿದಳು, ಒನಕೆಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ, ದೊಡ್ಡ ಕೋಲು ಅಂತ ಹೇಳಿ ದಾಟಿಸಿದೆ. ಅಷ್ಟು ವರ್ಷ ನಾನು ಕನ್ನಡದ ಮೂಲಕ ಸುತ್ತು ಹಾಕಿಕೊಂಡು ಹೋಗುತ್ತಿದ್ದ ಜಾಗಕ್ಕೆ ಮನೆಯ ಹಿತ್ತಲಿಂದಲೇ ದಾರಿ ಇತ್ತು. ತೋರಿಸಿದವಳು ಅವಳು ಅನ್ನುವುದೊಂದೇ ನನಗೆ ಸಂಕಟ. ಆ ಸಂಕಟದಲ್ಲೇ ದಿನಾ ಕೂತು ಕಲಿತೆ. ಅವಳ ತೆಲುಗನ್ನೂ ತಿದ್ದಿದೆ, ಬೇಕೆಂದೇ ಸ್ವಲ್ಪ ಜೋರಾಗಿ. ಅವಳು ಒಂದು ಸಲವೂ ಬೇಜಾರು ಮಾಡಿಕೊಳ್ಳಲಿಲ್ಲ.

ಹೆಣ್ಣುಮಗು ಹುಟ್ಟಿತು. ಪರೀಕ್ಷೆಯ ಹೊತ್ತಿಗೆ ಮಗು ಇನ್ನೂ ಕೈಗೂಸು. ಹಾಲು ಬಿಡಿಸುವ ಹಾಗಿಲ್ಲ, ಅಮ್ಮನಿಗೆ ಅಷ್ಟು ದೂರ ಪ್ರಯಾಣ ಆಗದು. ನಾದಿನಿಯೇ ರಜ ಹಾಕಿ ನನ್ನ ಜೊತೆ ತುಮಕೂರಿಗೆ ಬಂದಳು. ನಾನು ಒಳಗೆ ಬರೆಯುತ್ತಿದ್ದರೆ ಅವಳು ಹೊರಗೆ ಮರದ ನೆರಳಲ್ಲಿ ಮಗುವನ್ನು ಎತ್ತಿಕೊಂಡು ಓಡಾಡುತ್ತಿದ್ದಳು. ಕಿಟಕಿಯಿಂದ ಕಾಣುತ್ತಿತ್ತು. ಮಗು ಅತ್ತ ಸದ್ದು ಕೇಳಿ ನನ್ನ ಎದೆ ತುಂಬಿ ಬಂತು, ಕೈಯಲ್ಲಿ ಲೇಖನಿ ನಿಂತಿತು. ಆಮೇಲೆ ಅಳು ನಿಂತಿತು. ನೋಡಿದರೆ ಅವಳ ಭುಜದ ಮೇಲೆ ತಲೆಯಿಟ್ಟು ಮಲಗಿದೆ. ನನ್ನ ಭುಜದ ಮೇಲೆ ಅದು ಅಷ್ಟು ಬೇಗ ಮಲಗುತ್ತಿರಲಿಲ್ಲ. ಆ ಸಿಟ್ಟಿನಲ್ಲಿ ತರ್ಜುಮೆಯನ್ನು ಒಂದೇ ಉಸಿರಿಗೆ ಬರೆದು ಮುಗಿಸಿದೆ. ಕೊನೆಗೆ ಒಬ್ಬ ಇನ್‌ಸ್ಪೆಕ್ಟರು ಪುಸ್ತಕ ಕೊಟ್ಟು ಗಟ್ಟಿಯಾಗಿ ಓದಿಸಿದರು. "ಯಾವೂರಮ್ಮ?" ಅಂದರು. "ಪಾವಗಡ" ಅಂದೆ. ಮಧುಗಿರಿ ಅನ್ನಲಿಲ್ಲ.

ಪಾಸಾದೆ. ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕೆಲಸವೂ ಸಿಕ್ಕಿತು. ಯಜಮಾನರು ಫಲಿತಾಂಶ ನೋಡಿಕೊಂಡು ಬಂದ ಸಂಜೆ, ಆ ಪಾಠದ ದನಿಯಲ್ಲಿ ನನ್ನನ್ನು ಕೂರಿಸಿಕೊಂಡು, "ಯಾವ ವಾಕ್ಯ ಕೊಟ್ಟಿದ್ರು, ಹೇಳು" ಅಂದರು. ನಾನು ಒಂದೊಂದೇ ಹೇಳಿದೆ. ಅವರು ಸಣ್ಣಗೆ ನಗುತ್ತಾ ಕೇಳಿದರು. ಅದು ನನ್ನ ಬದುಕಿನ ಒಳ್ಳೆಯ ಸಂಜೆಗಳಲ್ಲಿ ಒಂದು. ಅಷ್ಟರಲ್ಲಿ ಪಾವಗಡದಿಂದ ಅಣ್ಣ ಬಂದ. ಅಮ್ಮ ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳಂತೆ: ನನ್ನ ಇಬ್ಬರು ಹೆಣ್ಣುಮಕ್ಕಳೂ ಇಂಗ್ಲಿಷು ಪಾಸು ಅಂತ. ಇಬ್ಬರು ಅನ್ನುವ ಮಾತು ಕೇಳಿ ಆ ಸಂಜೆಯ ರುಚಿ ಸ್ವಲ್ಪ ಕೆಟ್ಟಿತು.

ಯುದ್ಧ ಮುಗಿದ ಮೇಲಿನ ಬೇಸಿಗೆಯಲ್ಲಿ ಅಮ್ಮ ತೀರಿಕೊಂಡಳು. ಹುಷಾರಿಲ್ಲ ಅಂತ ಸುದ್ದಿ ಬಂದಾಗಲೇ ಹೊರಟೆ. ಬಸ್ಸು ಮಿಡಿಗೇಶಿಯ ಹತ್ತಿರ ಕೆಟ್ಟು ನಿಂತು, ನಾನು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾದಿನಿ ತಲೆಯ ಬಳಿ ಕೂತಿದ್ದಳು. ಕೊನೆಯ ಗುಟುಕು ನೀರು ಬಿಟ್ಟವಳು ಅವಳೇ. ಮಣ್ಣು ಮಾಡಿ ಬಂದ ಮೇಲೆ ನಾನು ಅವಳನ್ನು ಕೇಳಿದೆ, "ಕೊನೇಲಿ ಏನಾದ್ರೂ ಅಂದಳಾ?"

"ಪಿಲ್ಲ ವಚ್ಚಿಂದಾ ಅಂದ್ರು" ಅಂದಳು ಅವಳು. ಮಗು ಬಂತಾ? ಅಮ್ಮನ ದನಿಯಲ್ಲೇ, ಕೊನೆಯ ಅಕ್ಷರ ಎಳೆದು. "ನಿನ್ನನ್ನೇ ಕೇಳಿದ್ದು ಅತ್ತಿಗೆ. ದಾರೀಲಿ ಬತ್ತಾ ಅವಳೆ ಅಂದೆ."

ಆಮೇಲೆ ಅಣ್ಣ ಬೇರೆ ಮಾತಿನ ನಡುವೆ ಹೇಳಿದ, ಅಮ್ಮ ದಿನಾ ಸಂಜೆ ಇಸ್ಕೂಲು ಬಿಡುವ ಹೊತ್ತಿಗೆ ನಾದಿನಿಯ ದಾರಿ ನೋಡುತ್ತಾ ಅದೇ ಮಾತು ಕೇಳುತ್ತಿದ್ದಳಂತೆ. ಅಮ್ಮನ ಜೀವ ಹೋದದ್ದೂ ಅದೇ ಹೊತ್ತಿನಲ್ಲಿ. ನಾದಿನಿ ಸುಳ್ಳು ಹೇಳುವವಳಲ್ಲ. ಹಾಗಂತ ನನಗೆ ಆ ಮಾತು ನನ್ನದು ಅನ್ನುವ ಧೈರ್ಯವೂ ಬರಲಿಲ್ಲ.

ಅವಳಿಗೆ ಆಮೇಲೆ ಸಿರಾಕ್ಕೆ ವರ್ಗವಾಗುವ ಅವಕಾಶ ಬಂತು. ಹೋಗಲಿಲ್ಲ. ನಮ್ಮಣ್ಣನ ಮಕ್ಕಳು ಅವಳನ್ನು ಬಿಡಲಿಲ್ಲ. ನಾನು ರಜದಲ್ಲಿ ಮಗಳನ್ನು ಕರೆದುಕೊಂಡು ತವರಿಗೆ ಹೋದರೆ ಅವಳೇ ಕಾಲಿಗೆ ನೀರು ಕೊಡುತ್ತಾಳೆ, ಅವಳೇ ಬಡಿಸುತ್ತಾಳೆ. ನನ್ನ ಮಗಳು ಅವಳ ಹತ್ತಿರ ತೆಲುಗು ಕಲಿಯುತ್ತಿದ್ದಾಳೆ. ನಾನು ಹೇಳಿಕೊಟ್ಟರೆ ಕಲಿಯುವುದಿಲ್ಲ.